ಬಳೆಯ ಪಿನ್ನು, ನಾಝಲ್ಲಿನ ಆಯುಷ್ಯ

ಒಂದು ವಸ್ತು ಕೈಗೆ ಬಂದರೆ ‘ಇದು ನಡೆಯುತ್ತದೆಯೇ?’ ಎಂದು ಕೇಳುವುದು ಲೋಕದ ರೂಢಿ. ಮಿರಜದ ಶಿವಲಿಂಗಪ್ಪ ಹಾಗೆ ಕೇಳಿದವನಲ್ಲ. ‘ಎಷ್ಟು ಸವೆದಿದೆ?’ ಎಂಬುದೊಂದೇ ಅವನ ಪ್ರಶ್ನೆ. ಕುಕ್ಕರಿನ ರಬ್ಬರು, ಸ್ಕೂಟರಿನ ಬ್ರೇಕು, ಬಾಗಿಲ ಬಿಜಾಗರಿ, ತನ್ನದೇ ದವಡೆಯ ಹಲ್ಲು, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಮಗಳು ಪ್ರಾಜಕ್ತಾಳ ಸೋಯರಿಕೆಗೆಂದು ಕೊಲ್ಹಾಪುರದ ಒಂದು ದೊಡ್ಡ ಮನೆಗೆ ಹೋಗಿದ್ದಾಗ, ಬೀಗರಾಗಬೇಕಾದ ಗಂಡಹೆಂಡತಿ ತೂಗುಮಂಚದ ಮೇಲೆ ಕುಳಿತು ತಮ್ಮ ಹೊಲಮನೆಯ ವರ್ಣನೆ ನಡೆಸಿದ್ದರು. ಶಿವಲಿಂಗಪ್ಪ ತೊಲೆಗೆ ಬಡಿದ ಕೊಂಡಿಯನ್ನೇ ನೋಡುತ್ತಿದ್ದ. ಕೊನೆಗೆ ಬಾಯಿ ಬಿಟ್ಟಾಗ ಹೇಳಿದ್ದು ಇಷ್ಟು:

“ಕೊಂಡಿ ಅರ್ಧಾ ಸವದೈತ್ರಿ. ಒಬ್ಬರ ಕುಂತ್ರ ಇನ್ನೂ ಎರಡು ವರ್ಷ ತಡೀತೈತಿ. ನೀವು ಇಬ್ಬರೂ ಕುಂತೀರಿ.”

ಬೀಗರು ಎದ್ದು ಕುರ್ಚಿಗೆ ಹೋದರು. ಸೋಯರಿಕೆ ಅಲ್ಲಿಗೇ ನಿಂತಿತು. ಪ್ರಾಜಕ್ತಾ ಮಿರಜ ಮುಟ್ಟುವವರೆಗೂ ನಕ್ಕಳು. ಅವಳ ತಾಯಿ ಸುನಂದಾಬಾಯಿ ಇಂದಿಗೂ ಆ ಮಾತಿಗೆ ನಕ್ಕಿಲ್ಲ.

ಈ ಚಟ ಅವನಿಗೆ ಹತ್ತಿದ್ದು ಚಿಕ್ಕಂದಿನಲ್ಲಿ. ಮಿರಜದ ಪೇಟೆಯಲ್ಲಿ ಅವರದು ಮೂರು ತಲೆಮಾರಿನ ಬೆಲ್ಲ-ಅರಿಶಿನದ ಅಂಗಡಿ. ತಂದೆ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ, ತಕ್ಕಡಿಗೆ ಕೈಮುಗಿದು, ಆಮೇಲೆ ಮಾತು ಆರಂಭಿಸುವವರು. ಒಂದು ದಿನ ಹುಡುಗ ಶಿವಲಿಂಗಪ್ಪ ಅಂಗಡಿಯ ಎರಡು ಕಿಲೋ ತೂಕದ ಕಲ್ಲನ್ನು ಪಕ್ಕದ ಅಂಗಡಿಯ ಹೊಸ ಕಲ್ಲಿನ ಎದುರು ತಕ್ಕಡಿಗಿಟ್ಟು ನೋಡಿದ. ಅಜ್ಜನ ಕಾಲದಿಂದ ಕೈಯಿಂದ ಕೈಗೆ ಉಜ್ಜಿ ಉಜ್ಜಿ ಕಲ್ಲು ನುಣುಪಾಗಿತ್ತು, ಹಗುರವೂ ಆಗಿತ್ತು. ಅದನ್ನು ಅವನು ಅಪ್ಪನ ಕಿವಿಯಲ್ಲಿ ಹೇಳಬಹುದಿತ್ತು. ಗಿರಾಕಿಗಳು ತುಂಬಿದ್ದ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿದ. ಅಪ್ಪ ಆ ಕಲ್ಲನ್ನು ತಕ್ಕಡಿಯಿಂದ ಇಳಿಸಿದರು. ಮರುದಿನ ಮುದ್ರೆಯೊತ್ತಿದ ಹೊಸ ಕಲ್ಲು ತರಿಸಿದರು, ಹಳೆಯದನ್ನು ದೇವರ ಮನೆಯಲ್ಲಿಟ್ಟರು, ಮಗನನ್ನು ಕರೆದು, “ನೀ ಖರೇ ಹೇಳಿದಿ. ಆದ್ರ ಅಂಗಡಿ ನಿನಗಲ್ಲಪಾ,” ಎಂದರು. ಅಂಗಡಿ ತಮ್ಮನಿಗೆ ಹೋಯಿತು. ಶಿವಲಿಂಗಪ್ಪ ಸಾಂಗಲಿಯಲ್ಲಿ ಡಿಪ್ಲೊಮಾ ಓದಿ ಕುಪವಾಡದ ಕಾರ್ಖಾನೆ ಸೇರಿದ.

ಕಾರ್ಖಾನೆ ದೊಡ್ಡದೇನಲ್ಲ. ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಔಷಧ ಹೊಡೆಯುವ ಬ್ಲೋವರ್ ಇರುತ್ತದಲ್ಲ, ಅದರ ಬಾಯಿಗೆ ಹಾಕುವ ನಾಝಲ್ಲು ಅಲ್ಲಿ ತಯಾರಾಗುತ್ತಿತ್ತು. ಬೆರಳ ತುದಿಯಷ್ಟು ಹಿತ್ತಾಳೆ, ನಡುವೆ ಸೂಜಿಯ ಮೊನೆ ಹೋಗುವಷ್ಟು ರಂಧ್ರ. ಔಷಧ ಅದರಿಂದ ಮಂಜಿನಂತೆ ಹೊರಬೀಳಬೇಕು. ಶಿವಲಿಂಗಪ್ಪನ ಕೆಲಸ ಆ ರಂಧ್ರ ಎಷ್ಟು ದಿನ ಬಾಳುತ್ತದೆಂದು ಹೇಳುವುದು. ಅವನಿಗೊಂದು ಕೋಣೆ ಕೊಟ್ಟಿದ್ದರು. ಕಾರ್ಖಾನೆಯವರು ಅದನ್ನು ಆಯುಷ್ಯದ ಖೋಲಿ ಎಂದು ಕರೆಯುತ್ತಿದ್ದರು. ಅಲ್ಲಿ ಒಂದು ಟಾಕಿ, ಒಂದು ಪಂಪು, ಸಾಲಾಗಿ ಕೂರಿಸಿದ ನಾಝಲ್ಲುಗಳು. ಹೊಲದಲ್ಲಿ ತಿಂಗಳುಗಟ್ಟಲೆ ಆಗುವ ಸವೆತ ಇಲ್ಲಿ ಬೇಗ ಆಗಲೆಂದು ನೀರಿಗೆ ನಯವಾದ ಮಣ್ಣಿನ ಪುಡಿ ಕಲಸಿ ಬಿಡುತ್ತಿದ್ದ. ಸಂಜೆಗೊಮ್ಮೆ ಒಂದೊಂದು ನಾಝಲ್ಲಿನ ಕೆಳಗೂ ಗಾಜಿನ ಜಾಡಿ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ನೀರು ಬಂತೆಂದು ಅಳೆದು, ಗೋಡೆಯ ಮೇಲಿನ ದೊಡ್ಡ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದ. ಹಾಳೆಯ ಮೇಲ್ಗಡೆ ಒಂದು ಕೆಂಪು ಗೆರೆ. ಚುಕ್ಕೆ ಆ ಗೆರೆ ಮುಟ್ಟಿತೆಂದರೆ ನಾಝಲ್ಲಿನ ಆಯುಷ್ಯ ಮುಗಿಯಿತು.

ಮಾಲಕನ ಮಗ ಅಭಿಜಿತ ಕಾಲೇಜು ಮುಗಿಸಿ ಕಾರ್ಖಾನೆಗೆ ಬಂದ ಹೊಸತರಲ್ಲಿ ಇದೆಲ್ಲ ನೋಡಿ ಕೇಳಿದ್ದ: “ಕಾಕಾ, ಇಷ್ಟೆಲ್ಲಾ ಯಾಕ್ರಿ? ಕೆಟ್ಟಾಗ ಕೆಟ್ಟೈತಿ ಅಂತ ತಿಳೀತೈತಲ್ಲ?”

“ನಾಝಲ್ ಕೆಡೂದಿಲ್ಲಪಾ, ಹಿಗ್ಗತೈತಿ. ಬಲ್ಬು ಹೋದ್ರ ಕತ್ತಲಾಗ್ತೈತಿ, ಎಲ್ಲಾರಿಗೂ ಕಾಣ್ತೈತಿ. ಇದು ಸತ್ತ ಮ್ಯಾಲೂ ನಡೀತಿರತೈತಿ. ದಿನಾ ಒಂದೊಂದು ಹನಿ ಹೆಚ್ಚಿಗಿ ಉಗಳತೈತಿ. ಔಷಧ ಮಂಜಾಗೂದು ಬಿಟ್ಟು ಹನಿಹನಿ ಆಗ್ತೈತಿ, ಎಲಿ ಸುಡತೈತಿ, ನೆಲಕ್ಕ ಸೋರತೈತಿ.”

“ಹಂಗಾದ್ರ ಸಾಯೂತನಾ ಕಾಯಬೇಕೇನ್ರಿ?”

“ಯಾಕ ಕಾಯಬೇಕು? ಮುದುಕ ಹೆಂಗ ನಡ್ಯಾಕ್ಹತ್ಯಾನ ನೋಡಿದ್ರ ಸಾಕು, ಎಷ್ಟು ದೂರ ಹೋದಾನು ಅಂತ ತಿಳೀತೈತಿ. ಚುಕ್ಕಿ ಯಾವ ದಿಕ್ಕಿಗಿ ಹೊಂಟೈತಿ, ಎಷ್ಟು ಜೋರ ಹೊಂಟೈತಿ, ಅಷ್ಟ ನೋಡೂದು. ಆದ್ರ ಒಂದ ಮುದುಕನ್ನ ನೋಡಿ ಊರ ಮುದುಕರ ಮಾತು ಹೇಳಬಾರ್ದು. ಅದಕ್ಕ ಇಷ್ಟೊಂದು ಕೂಡಿಸೇನಿ.”

ಲೆಕ್ಕ ಸರಿಬಿದ್ದರೆ ಅವನು ಡಬ್ಬಿಯ ಚೀಟಿಯ ಮೇಲೆ ತನ್ನ ದುಂಡು ಶಿಕ್ಕಾ ಒತ್ತುತ್ತಿದ್ದ. ಹಿತ್ತಾಳೆಯ ನಾಝಲ್ಲಿಗೆ ಅವನ ಶಿಕ್ಕಾ ‘ಒಂದು ಹಂಗಾಮು’ ಎನ್ನುತ್ತಿತ್ತು: ಅಕ್ಟೋಬರದಲ್ಲಿ ಬಳ್ಳಿ ಕತ್ತರಿಸುವ ಛಾಟಣಿಯಿಂದ ಹಿಡಿದು ದ್ರಾಕ್ಷಿ ಕೊಯ್ಯುವವರೆಗೆ. ತಾಸಗಾಂವದಿಂದ ವಿಜಾಪುರದವರೆಗೂ ಅಂಗಡಿಯವರು ಆ ಶಿಕ್ಕಾ ನೋಡಿ ಮಾಲು ಇಳಿಸಿಕೊಳ್ಳುತ್ತಿದ್ದರು. ಈ ಮೂವತ್ತು ವರ್ಷಗಳಲ್ಲಿ ಒಬ್ಬ ರೈತನೂ ಬಂದು ದೂರು ಹೇಳಿರಲಿಲ್ಲ. ಅದು ಶಿವಲಿಂಗಪ್ಪನ ಹೆಮ್ಮೆ. ಆ ಹೆಮ್ಮೆಯಲ್ಲೇ ಒಂದು ತೂತು ಇತ್ತೆಂಬುದು ಅವನಿಗೆ ತಿಳಿಯುವುದು ಬಾಕಿ ಇತ್ತು.

ಪ್ರಾಜಕ್ತಾ ಇಂಜಿನಿಯರ್ ಆಗಿ ಅದೇ ಕಾರ್ಖಾನೆ ಸೇರಿದ್ದು ಅಪ್ಪನ ಶಿಫಾರಸಿನಿಂದಲ್ಲ. “ಇಕೀನ್ನ ತಗೋಬ್ಯಾಡ್ರಿ, ಮನ್ಯಾಗೂ ವಾದ, ಇಲ್ಲೂ ವಾದ ಆಗ್ತೈತಿ” ಎಂದು ಅವನು ಅಭಿಜಿತನ ಬಳಿ ಹೋಗಿ ಹೇಳಿದ್ದ. ಅಭಿಜಿತ ಆ ಕಾರಣಕ್ಕೇ ತೆಗೆದುಕೊಂಡ. ಅವಳು ಎರಡು ವರ್ಷ ತಲೆಕೆಡಿಸಿಕೊಂಡು ಗಟ್ಟಿ ಪ್ಲಾಸ್ಟಿಕ್ಕಿನ ನಾಝಲ್ಲಿಗೆ ಅಚ್ಚು ಮಾಡಿಸಿದಳು. ಹಿತ್ತಾಳೆ ಬಿಟ್ಟು ಪ್ಲಾಸ್ಟಿಕ್ ಎಂದಾಗ ಲೇಥಿನವರು ನಕ್ಕರು. ನಾಝಲ್ಲು ಆಯುಷ್ಯದ ಖೋಲಿಗೆ ಬಂತು. ಶಿವಲಿಂಗಪ್ಪ ಬೇರೆಯವುಗಳಿಗಿಂತ ಒಂದು ಮುಷ್ಟಿ ಹೆಚ್ಚೇ ಮಣ್ಣು ಕಲಸಿದ. ವಾರಗಳು ಕಳೆದರೂ ಚುಕ್ಕೆಗಳು ಮೇಲೇಳಲಿಲ್ಲ, ಎಮ್ಮೆ ಕೆರೆಯಲ್ಲಿ ಮಲಗಿದ ಹಾಗೆ ಅಡ್ಡಡ್ಡ ಮಲಗಿಬಿಟ್ಟವು. ಗೆರೆ ಎಳೆದು ನೋಡಿದರೆ ಎರಡು ಹಂಗಾಮು ಮೀರಿ ಬಾಳುವ ಲಕ್ಷಣ.

“ಆತಲ್ಲ ಅಪ್ಪಾ? ಒತ್ತರಿ ಶಿಕ್ಕಾ,” ಎಂದಳು ಪ್ರಾಜಕ್ತಾ.

“ದ್ರಾಕ್ಷಿ ಬಾಗದಾಗ ಒಂದು ಮಳಿಗಾಲ ಹೊಡದು ಬರಲಿ.”

“ಹಿತ್ತಾಳಿದಕ್ಕ ಎಂದಾದ್ರೂ ಹಿಂಗ ಬಾಗಕ್ಕ ಕಳಿಸಿದ್ರೇನು?”

“ಹಿತ್ತಾಳಿ ನನ್ನ ಮಗಳಲ್ಲ.”

ಮಾಲಗಾಂವದಲ್ಲಿ ಅಭಿಜಿತನ ಸೋದರಮಾವ ರಾವಸಾಬನ ದ್ರಾಕ್ಷಿ ತೋಟವಿತ್ತು. ಹೊಸ ನಾಝಲ್ಲುಗಳನ್ನು ಅವನ ಬ್ಲೋವರಿಗೆ ಹಾಕಿಸಿದರು. ಮಳೆಗಾಲದಲ್ಲಿ ಬಳ್ಳಿಗೆ ಬೂಷ್ಟು ಹಿಡಿಯದಂತೆ ಮೈಲುತುತ್ತ ಸುಣ್ಣ ಕಲಸಿದ ನೀಲಿ ದ್ರಾವಣವನ್ನು ಮೇಲಿಂದ ಮೇಲೆ ಹೊಡೆಯಬೇಕಾಗುತ್ತದೆ. ಗಣೇಶ ಚೌತಿ ಹತ್ತಿರ ಬಂದಾಗ ರಾವಸಾಬ ನಾಝಲ್ಲುಗಳನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ತಾನೇ ಸ್ಕೂಟರ್ ಮೇಲೆ ಕುಪವಾಡಕ್ಕೆ ಬಂದ. ಮುಖದಲ್ಲಿ ಮುಗುಳ್ನಗೆ.

“ಏ ಶಿವಲಿಂಗಪ್ಪಣ್ಣಾ, ನಿನ್ನ ಮಗಳ ಕೈಗೆ ಬಂಗಾರದ ಕಡಗ ಹಾಕ್ಸು! ಏನ್ ಹೊಡೀತಾವೋ ಮಾರಾಯಾ! ಮೊದಲ ಸಣ್ಣಗ ಹೊಡೀತಿದ್ವು, ಈಗ ಛಲೋ ಬಿಟ್ಟಾವ ನೋಡು. ಕೃಷ್ಣೆಗೆ ಮಹಾಪೂರ ಬಂದಂಗ!”

ಮಹಾಪೂರ ಎಂಬ ಮಾತು ಕಿವಿಗೆ ಬಿದ್ದದ್ದೇ ಪ್ರಾಜಕ್ತಾ ಓಡಿಹೋಗಿ ಗಾಜಿನ ಜಾಡಿ ತಂದಳು. ಶಿವಲಿಂಗಪ್ಪ ರಾವಸಾಬ ತಂದ ನಾಝಲ್ಲುಗಳನ್ನು ಒಂದೊಂದಾಗಿ ಪಂಪಿಗೆ ಹಾಕಿ ಜಾಡಿ ಹಿಡಿದ. ಒಂದೂ ಉಳಿಯದೆ ಎಲ್ಲವೂ ಕೆಂಪು ಗೆರೆಯ ಆಚೆ.

“ಪ್ಲಾಸ್ಟಿಕ್ ಪ್ಲಾಸ್ಟಿಕ್ಕ,” ಎಂದ.

“ಆದ್ರ ಅಪ್ಪಾ, ಇಲ್ಲಿ ಯಾಕ ಸವೀಲಿಲ್ಲ ಮತ್ತ?”

“ಇಲ್ಲಿದ್ದ ನೀರು ಕುಪವಾಡದ್ದು. ಅಲ್ಲಿದ್ದ ಸುಣ್ಣ ಮಾಲಗಾಂವದ್ದು.”

“ಸುಣ್ಣಕ್ಕ ಇಷ್ಟು ಸವ್ಯಾಂಗಿಲ್ಲ. ನಾ ಸುಣ್ಣದಾಗೂ ನೋಡೇನಿ. ನಿಮ್ಮ ಖೋಲ್ಯಾಗ ಏನೋ ತಪ್ಪೈತಿ.”

ಮೂವತ್ತು ವರ್ಷದಲ್ಲಿ ಆ ಕೋಣೆಯೊಳಗೆ ನಿಂತು ಆ ಮಾತನ್ನು ಯಾರೂ ಆಡಿರಲಿಲ್ಲ. ಅಭಿಜಿತ ನಡುವೆ ಬಂದು ತನ್ನ ಕಷ್ಟ ಹೇಳಿದ. ಛಾಟಣಿ ಶುರುವಾಗುವ ಮೊದಲು ಮಾಲು ಅಂಗಡಿ ಸೇರಬೇಕು. ದಸರೆಯೊಳಗೆ ಶಿಕ್ಕಾ ಬೀಳದಿದ್ದರೆ ಯಂತ್ರಕ್ಕೆ ಹಿತ್ತಾಳೆಯನ್ನೇ ಹಚ್ಚುತ್ತೇನೆ, ಪ್ರಾಜಕ್ತಾಳ ಅಚ್ಚು ಅಟ್ಟಕ್ಕೆ ಹೋಗುತ್ತದೆ. ಒಮ್ಮೆ ಅಟ್ಟಕ್ಕೆ ಹೋದ ಅಚ್ಚು ಕೆಳಗೆ ಇಳಿದದ್ದನ್ನು ಕುಪವಾಡದಲ್ಲಿ ಕಂಡವರಿಲ್ಲ.

ಮನೆಯಲ್ಲಿ ಅಪ್ಪ ಮಗಳ ಮಾತು ನಿಂತಿತು. ನಿಂತಿತು ಎಂದರೆ ಸುನಂದಾಬಾಯಿಯ ಮೂಲಕ ನಡೆಯತೊಡಗಿತು.

“ಅವ್ವಾ, ಕೇಳು ಅವರನ್ನ, ಹಿತ್ತಾಳಿ ನಾಝಲ್ ಹೊಲದಿಂದ ತಿರುಗಿ ತರಿಸಿ ಎಂದಾದ್ರೂ ಅಳದಾರೇನು?”

“ಅಕೀಗಿ ಹೇಳು, ಮೂವತ್ತು ವರ್ಷದಾಗ ಒಂದು ದೂರು ಬಂದಿಲ್ಲ.”

“ಹೇಳು ಅವರಿಗೆ, ದೂರು ಹೆಂಗ ಬರಬೇಕು? ರಾವಸಾಬ ಮಾಮಾನ್ನ ನೋಡಿದ್ರಲ್ಲ? ಸತ್ತ ನಾಝಲ್ ನೋಡಿ ಛಲೋ ಬಿಟ್ಟೈತಿ ಅಂತ ಕಡಗ ಹಾಕ್ಸಂತಾರ!”

ಸುನಂದಾಬಾಯಿ ಲಟ್ಟಣಿಗೆ ಕೆಳಗಿಟ್ಟಳು. “ನಾ ಏನ್ ನಿಮ್ಮ ಮೊಬೈಲ್ ಟವರ್ ಏನ್ರಿ? ಎದರಾಬದರ ಕುಂತೀರಿ, ಬಾಯಿ ಅದಾವ. ಮಾತಾಡಾಕ ಆಗಲಿಲ್ಲಂದ್ರ ಹೊಟ್ಟಿಗಿ ಹಾಕ್ಕೊಂಡು ಎದ್ದು ಹೋಗ್ರಿ.”

ಶಿವಲಿಂಗಪ್ಪ ಚಪಾತಿ ಮುರಿದವನು ಹಾಗೇ ಕೈಯಲ್ಲಿ ಹಿಡಿದು ಕುಳಿತ. ಮಗಳ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ದೂರು ಬರದಿದ್ದುದಕ್ಕೆ ಮಾಲು ಬಾಳಿದ್ದೇ ಕಾರಣವೆಂದು ಅವನು ನಂಬಿಕೊಂಡಿದ್ದ. ಹಿಗ್ಗಿದ ನಾಝಲ್ಲನ್ನು ರೈತ ಮೆಚ್ಚಿಕೊಳ್ಳುತ್ತಾನೆಂದು ಅವನಿಗೆ ಹೊಳೆದಿರಲೇ ಇಲ್ಲ. ಸತ್ತದ್ದನ್ನು ನೋಡಿ ಮನೆಮಂದಿ ಕುಣಿದಾಡಿದರೆ ವೈದ್ಯನಿಗೆ ಕರೆ ಬರುವುದು ಹೇಗೆ?

“ನಾಳಿ ಮಾಲಗಾಂವಕ್ಕ ಹೋಗೂನು,” ಎಂದ. ಮೊದಲ ಬಾರಿ ನೇರವಾಗಿ ಮಗಳಿಗೇ ಹೇಳಿದ.

ಮರುದಿನ ಸ್ಕೂಟರ್ ನಡೆಸಿದವಳು ಪ್ರಾಜಕ್ತಾ. ಹಿಂದೆ ಕುಳಿತ ಶಿವಲಿಂಗಪ್ಪ ಬ್ರೇಕು ಎಷ್ಟು ಸವೆದಿದೆಯೆಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ರಾವಸಾಬನ ತೋಟದಲ್ಲಿ ಆಗಲೇ ಔಷಧ ಹೊಡೆಯಲು ಸಿದ್ಧತೆ ನಡೆದಿತ್ತು. ಬ್ಯಾರಲ್ಲಿನಲ್ಲಿ ಸುಣ್ಣ ಕದಡುತ್ತಿದ್ದವಳು ಚಂದ್ರಭಾಗಾ. ಐವತ್ತು ದಾಟಿದ ಹೆಂಗಸು, ತೋಟದಲ್ಲಿ ಅವಳ ಮಾತಿಗೆ ರಾವಸಾಬನೂ ಎದುರಾಡುವವನಲ್ಲ. ಎರಡೂ ಕೈಗೆ ಮೊಳಕೈವರೆಗೆ ನೀಲಿ ಹಿಡಿದಿತ್ತು.

ಟ್ರ್ಯಾಕ್ಟರ್ ಹೊರಟಿತು. ಅಪ್ಪ ಮಗಳು ಬಳ್ಳಿಯ ಸಾಲಿನ ತುದಿಯಲ್ಲಿ ನಿಂತು ನೋಡಿದರು. ಒಂದು ಸಾಲು ಮುಗಿಯಿತು, ಎರಡು ಮುಗಿಯಿತು. ಅಷ್ಟರಲ್ಲಿ ಒಂದು ನಾಝಲ್ಲಿಗೆ ಸುಣ್ಣದ ಹರಳು ಸಿಕ್ಕಿ ಬಾಯಿ ಕಟ್ಟಿತು. “ಏ ತಡಿಯೋ!” ಎಂದು ಕೂಗಿ ಚಂದ್ರಭಾಗಾ ಸೆರಗು ಸಿಕ್ಕಿಸಿ ಮುಂದೆ ಬಂದಳು. ಎಡಗೈಯ ಹಸಿರು ಬಳೆಗೆ ಚುಚ್ಚಿಟ್ಟಿದ್ದ ಸೇಫ್ಟಿ ಪಿನ್ನುಗಳ ಗೊಂಚಲಿನಿಂದ ಒಂದನ್ನು ಬಿಡಿಸಿದಳು, ಬಾಯಿಯಲ್ಲಿ ಕಚ್ಚಿ ನೆಟ್ಟಗೆ ಮಾಡಿದಳು, ನಾಝಲ್ಲಿನ ರಂಧ್ರಕ್ಕೆ ತಿವಿದು ಗರಗರ ತಿರುಗಿಸಿದಳು. ಕಿವಿಯಲ್ಲಿ ಗುಗ್ಗೆ ತೆಗೆದಷ್ಟೇ ಸಲೀಸು. ಹರಳು ಹೊರಬಿತ್ತು. ಪಿನ್ನು ಬಳೆಗೆ ಮರಳಿತು.

ಅಪ್ಪ ಮಗಳ ಮುಖ ನೋಡಿದ. ಮಗಳು ಅಪ್ಪನ ಮುಖ ನೋಡಿದಳು.

“ಮಾವಶಿ,” ಎಂದಳು ಪ್ರಾಜಕ್ತಾ, “ಇದನ್ನ ಎಷ್ಟು ಸಲ ಹಿಂಗ ತಿವೀತೀರಿ?”

“ಎಷ್ಟು ಸಲ ಅಂದ್ರ? ಕಟ್ಟಿದಾಗೊಮ್ಮೆ ತಿವ್ಯಾಕ ಬೇಕಲ್ಲವಾ. ಕಟ್ಟದಿದ್ರೂ ಮುಂಜಾನಿ ಒಮ್ಮೆ ತಿವೀತೇನಿ. ಶಕುನ ಛಲೋ ಇರತೈತಿ.”

“ಹಿತ್ತಾಳಿದಕ್ಕೂ ಹಿಂಗ ತಿವೀತಿದ್ರೇನು?” ಶಿವಲಿಂಗಪ್ಪನ ದನಿ ಸಣ್ಣದಾಗಿತ್ತು.

“ನಮ್ಮತ್ತಿ ಕಾಲದಿಂದ ತಿವೀತೇವ್ರಿ ಅಣ್ಣಾರ. ಅಕೀ ಬಾಳ ಜೋರ ತಿವೀತಿದ್ಲು. ನಂದು ಹಗೂರ ಕೈ.”

ಪ್ರಾಜಕ್ತಾಳಿಗೆ ಜೀವ ಬಂದಂತಾಯಿತು. ತೋಟ ದಾಟುವ ಮೊದಲೇ ಶುರು ಮಾಡಿದಳು: “ನೋಡಿದ್ರೇನು ಅಪ್ಪಾ? ನಾಝಲ್ ತಪ್ಪಲ್ಲ. ಪಿನ್ನಿನ ತಪ್ಪು. ಡಬ್ಬಿ ಮ್ಯಾಲ ಪಿನ್ ಹಾಕಬಾರದು ಅಂತ ಬರದ್ರ ಆತು.”

“ಡಬ್ಬಿ ಓದೂದು ರಾವಸಾಬ. ಪಿನ್ ಇರೂದು ಚಂದ್ರಭಾಗಾನ ಬಳ್ಯಾಗ.”

“ಹಂಗಂತ ತಿವಿಯೂದಕ್ಕ ನಾ ಹೊಣಿ ಏನು?”

“ನೀನೂ ಅಲ್ಲ, ಅಕೀನೂ ಅಲ್ಲ. ಆದ್ರ ನಾಝಲ್ ಬಾಳೂದು ಅಕೀ ಕೈಯಾಗ. ನನ್ನ ಖೋಲ್ಯಾಗ ಬಾಳಿದ್ದು ಬಾಳಲ್ಲ, ಆಸ್ಪತ್ರ್ಯಾಗ ಮಲಗಿದ್ದು.” ಸ್ಕೂಟರ್ ಹತ್ತುತ್ತ ಸೇರಿಸಿದ: “ನೀ ಹೇಳಿದ್ದು ಖರೇ. ಖೋಲ್ಯಾಗ ತಪ್ಪೈತಿ. ಅಲ್ಲಿ ಒಂದು ಬಳಿ ಇಲ್ಲ.”

ಮರುದಿನ ಬೆಳಿಗ್ಗೆ ಅವನು ಅಭಿಜಿತನ ಎದುರು ನಿಂತು, ಹಳೆಯ ಹಿತ್ತಾಳೆ ನಾಝಲ್ಲಿನ ಚೀಟಿಯಿಂದಲೂ ‘ಒಂದು ಹಂಗಾಮು’ ತೆಗೆಯಬೇಕೆಂದ. ಪಿನ್ನು ತಿವಿದು ನೋಡದೆ ಕೊಟ್ಟ ಮಾತು ಅದು. ಪರೀಕ್ಷೆ ಮಾಡಿ ಎಷ್ಟು ಬರುತ್ತದೋ ಅಷ್ಟು ಬರೆಯೋಣ.

ಅಭಿಜಿತ ತಲೆ ಹಿಡಿದುಕೊಂಡ. “ಕಾಕಾ, ಹೊಸದನ್ನ ಪಾಸ್ ಮಾಡ್ರಿ ಅಂತ ಕಳಿಸಿದ್ರ ಹಳೇದನ್ನೂ ನಪಾಸ್ ಮಾಡಿ ಬಂದೀರೇನ್ರಿ?”

“ತೂಕದ ಕಲ್ಲು ಹಗೂರಾಗಿದ್ದು ಗೊತ್ತಾದ ಮ್ಯಾಲ ತಕ್ಕಡ್ಯಾಗ ಇಡಬಾರ್ದಪಾ.”

ಅಂದಿನಿಂದ ಆಯುಷ್ಯದ ಖೋಲಿಯಲ್ಲಿ ಬೇರೆ ಗದ್ದಲ. ಟಾಕಿಗೆ ಮಣ್ಣಿನ ಜೊತೆ ಸುಣ್ಣವೂ ಬಿತ್ತು. ಪ್ರಾಜಕ್ತಾ ನಾಝಲ್ಲಿನ ತಲೆಯನ್ನು ಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಲು ಬರುವಂತೆ ಅಚ್ಚು ತಿದ್ದಿಸಿದಳು. ತಿರುಗಿಸಿದರೆ ರಂಧ್ರ ಹಿಂದುಮುಂದಾಗಿ ಪಂಪಿನ ನೀರೇ ಹರಳನ್ನು ಹೊರಗೆ ಉಗುಳುತ್ತಿತ್ತು. ಪಿನ್ನು ಬೇಕಾಗಿಲ್ಲ. ಅದನ್ನು ಹಿಡಿದು ಮಾಲಗಾಂವಕ್ಕೆ ಓಡಿ ಚಂದ್ರಭಾಗಾಳಿಗೆ ತೋರಿಸಿದಳು. ಚಂದ್ರಭಾಗಾ ತಿರುಗಿಸಿದಳು, ಹರಳು ಹಾರಿತು, “ಅಯ್ಯ, ಎಷ್ಟ ಛಲೋ ಆತು!” ಎಂದು ಮೆಚ್ಚಿದಳು, ಮತ್ತು ಖಾತ್ರಿಗಿರಲಿ ಎಂದು ಬಳೆಯಿಂದ ಪಿನ್ನು ತೆಗೆದು ಒಮ್ಮೆ ತಿವಿದಳು.

ಪ್ರಾಜಕ್ತಾ ಅಪ್ಪನಿಗೆ ಇದನ್ನು ಹೇಳಿದಾಗ ಅವನು ಎಂದೂ ನಗದ ಹಾಗೆ ನಕ್ಕ. “ಹಂಗಾದ್ರ ಖೋಲ್ಯಾಗೂ ತಿವ್ಯಾವ್ರು ಬೇಕು,” ಎಂದ.

ತಿವಿಯುವವರನ್ನು ಎಲ್ಲಿಂದ ತರುವುದು? ಶಿವಲಿಂಗಪ್ಪನ ಕೈ ಆಗದು. ಗಾಜಿನ ಜಾಡಿ ಹಿಡಿದು ಹಿಡಿದು ಅದಕ್ಕೆ ಅತಿ ನಾಜೂಕು ಬಂದಿತ್ತು. ಆಫೀಸಿನಲ್ಲಿ ಟೈಪು ಮಾಡುವ ಸ್ನೇಹಲಳನ್ನು ಕರೆದರು. ಪ್ಯಾಕಿಂಗ್ ಮಾಡುವ ಹೆಂಗಸರನ್ನು ಕರೆದರು. ಒಂದು ದಿನ ಶಿವಲಿಂಗಪ್ಪ ಡಬ್ಬಿ ಮರೆತು ಬಂದನೆಂದು ಊಟ ತಂದ ಸುನಂದಾಬಾಯಿ ಬಾಗಿಲಲ್ಲಿ ನಿಂತು ಈ ಆಟ ನೋಡಿದಳು.

“ಇದೇನ ತಿವ್ಯಾಕ್ಹತ್ತೀರಿ, ದೇವರ ಮೂರ್ತಿ ಒರಸಿದಂಗ? ಸರೀರಿ.”

ಬಳೆಯಿಂದ ಪಿನ್ನು ಬಿಚ್ಚಿ ಸಾಲಿನ ಮುಂದೆ ನಿಂತಳು. ಮದುವೆಯಾದ ಮೊದಲ ಹದಿನೈದು ವರ್ಷ ಪಂಪು ಸ್ಟೋವಿನ ಮೇಲೆ ಅಡುಗೆ ಮಾಡಿದ ಕೈ ಅದು. ಸ್ಟೋವಿನ ಬರ್ನರಿಗೆ ದಿನಾ ಮೂರು ಹೊತ್ತು ಪಿನ್ನು ತಿವಿದ ಅನುಭವ. ಅವಳು ತಿವಿದ ರಭಸಕ್ಕೆ ಸ್ನೇಹಲ ಕಣ್ಣು ಮುಚ್ಚಿಕೊಂಡಳು. ಶಿವಲಿಂಗಪ್ಪ ಮಾತ್ರ ಬೆರಗಿನಿಂದ ನೋಡುತ್ತಿದ್ದ. “ಸುನಂದಾ, ನೀ ದಿನಾ ಬಾ,” ಎಂದ. ಮದುವೆಯಾದಾಗಿನಿಂದ ಅಷ್ಟು ಆದರದ ಮಾತು ಕೇಳಿರದ ಸುನಂದಾಬಾಯಿ, “ಪಗಾರ ಎಷ್ಟು ಕೊಡ್ತೀರಿ?” ಎಂದು ಕೇಳಿ, ದಿನಾ ಬಂದಳು.

ಗೋಡೆಯ ಹಾಳೆ ಈಗ ಹಿಂದಿನಂತಿರಲಿಲ್ಲ. ಮೊದಲು ಎಲ್ಲ ಚುಕ್ಕೆಗಳೂ ಸಾಲು ಹಿಡಿದು ಶಿಸ್ತಾಗಿ ಮೇಲೇರುತ್ತಿದ್ದವು. ಈಗ ಸಂತೆಗೆ ಹೊರಟ ಜನರಂತೆ ಚೆದುರಿದವು. ಸ್ನೇಹಲ ತಿವಿದವು ಕೆಳಗೆ ಮಲಗಿದ್ದವು. ಪ್ಯಾಕಿಂಗಿನವರವು ನಡುವೆ. ಸುನಂದಾಬಾಯಿ ತಿವಿದವು ಎಲ್ಲಕ್ಕೂ ಮುಂದೆ ಕೆಂಪು ಗೆರೆಯ ಕಡೆ ದೌಡಾಯಿಸುತ್ತಿದ್ದವು. ಮಾಲು ಒಂದೇ, ಅಚ್ಚು ಒಂದೇ, ಕೈಗೊಂದು ಆಯುಷ್ಯ. ಪಕ್ಕದಲ್ಲೇ ಹಿತ್ತಾಳೆಯನ್ನೂ ಕೂರಿಸಿ ಸುನಂದಾಬಾಯಿಯಿಂದಲೇ ತಿವಿಸಿದರು. ಅದರ ಗತಿ ಇನ್ನೂ ಕಷ್ಟವಿತ್ತು. ಸುಣ್ಣದ ಹರಳೂ ಪಿನ್ನೂ ಸೇರಿ ಅದನ್ನು ಅರ್ಧ ಹಂಗಾಮಿಗೇ ಗೆರೆ ದಾಟಿಸಿದವು.

ದಸರೆಯ ಹಿಂದಿನ ದಿನ, ಖಂಡೇನವಮಿಗೆ ಕಾರ್ಖಾನೆಯ ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ ಬಿತ್ತು. ಆಯುಷ್ಯದ ಖೋಲಿಯ ಪಂಪಿಗೂ ಕುಂಕುಮ ಹಚ್ಚಿದರು. ತೆಂಗಿನಕಾಯಿ ಒಡೆದು ಪೇಢೆ ಹಂಚಿದ ಮೇಲೆ ಅಭಿಜಿತ ಕೇಳಿದ: “ಕಾಕಾ, ಅಂಗಡಿಯವರು ಫೋನ್ ಮ್ಯಾಲ ಫೋನ್ ಮಾಡಾಕ್ಹತ್ಯಾರ. ಏನ್ ಹೇಳೂದ್ರಿ?”

ಶಿವಲಿಂಗಪ್ಪ ಹಾಳೆಯ ಮುಂದೆ ನಿಂತ. ಎಲ್ಲ ಕೈಗಳನ್ನೂ ಕೂಡಿಸಿ ಸರಾಸರಿ ತೆಗೆದಿದ್ದ. ಸರಾಸರಿ ಗೆರೆ ಎರಡು ಹಂಗಾಮಿನ ಹತ್ತಿರ ಹೋಗಿ ಕೆಂಪನ್ನು ಮುಟ್ಟುತ್ತಿತ್ತು. ‘ಎರಡು ಹಂಗಾಮು’ ಎಂದು ಡಬ್ಬಿಯ ಮೇಲೆ ಬಿದ್ದರೆ ಪ್ರಾಜಕ್ತಾಳ ನಾಝಲ್ಲಿನ ಎದುರು ನಿಲ್ಲುವ ಮಾಲು ಜಿಲ್ಲೆಯಲ್ಲಿ ಇರಲಿಲ್ಲ. ಮಗಳು ಬಾಗಿಲ ಬಳಿ ಹೂಮಾಲೆ ಸರಿಪಡಿಸುವ ನೆಪದಲ್ಲಿ ನಿಂತಿದ್ದಳು. ಅವಳ ಕೈಗೆ ಪಿನ್ನಿನ ಗಾಯ, ಕಣ್ಣಿಗೆ ನಿದ್ದೆ ಇಲ್ಲ. ಶಿವಲಿಂಗಪ್ಪನ ಕೈ ಎರಡು ಹಂಗಾಮಿನ ಶಿಕ್ಕಾದ ಕಡೆ ಹೋಯಿತು. ಅದನ್ನು ಶಾಯಿಗೂ ಅದ್ದಿದ.

“ಅಪ್ಪಾ, ತಡೀರಿ.”

ಪ್ರಾಜಕ್ತಾ ಹಾಳೆಯ ಹತ್ತಿರ ಬಂದು ಸರಾಸರಿಯ ಗೆರೆಯ ಮೇಲೆ ಬೆರಳಿಟ್ಟಳು. “ಇದು ಯಾರ ಕೈ?”

“ಯಾರದೂ ಅಲ್ಲ. ಎಲ್ಲಾರದೂ ಕೂಡಿ.”

“ಯಾರದೂ ಅಲ್ಲದ ಕೈ ಮಾಲಗಾಂವದಾಗ ಯಾವ ಬಳ್ಯಾಗ ಐತಿ? ಚಂದ್ರಭಾಗಾ ಮಾವಶಿ ಸರಾಸರಿ ತಿವ್ಯಾಂಗಿಲ್ಲ. ಅವರತ್ತಿ ಇನ್ನೂ ಜೋರ ತಿವೀತಿದ್ರಂತ. ಅರ್ಧಾ ಊರಿಗೆ ಎರಡು ಹಂಗಾಮು ಬರ್ತೈತಿ, ಅರ್ಧಾ ಊರಿಗೆ ಬರೂದಿಲ್ಲ. ಬರದಿದ್ದವರು ದೂರು ಹೇಳಾಕೂ ಬರೂದಿಲ್ಲ, ಛಲೋ ಬಿಟ್ಟೈತಿ ಅಂತ ಕುಣೀತಾರ.” ಬೆರಳು ಜರುಗಿ ಎಲ್ಲಕ್ಕೂ ಮುಂದೆ ಓಡುತ್ತಿದ್ದ ಚುಕ್ಕೆಗಳ ಮೇಲೆ ನಿಂತಿತು. “ಅವ್ವನ ಕೈ ಹಿಡೀರಿ. ಅಕೀ ಕೈಗೆ ತಡದಷ್ಟ ಬರೀರಿ.”

ಸುನಂದಾಬಾಯಿಯ ಚುಕ್ಕೆಗಳು ಕೆಂಪು ಗೆರೆ ಮುಟ್ಟುವುದು ಒಂದು ಹಂಗಾಮು ದಾಟಿದ ಕೂಡಲೇ.

“ಒಂದ ಹಂಗಾಮು ಆಗ್ತೈತಿ,” ಎಂದ ಶಿವಲಿಂಗಪ್ಪ. “ನಿನ್ನ ಎರಡು ವರ್ಷದ ಕೆಲಸ.”

“ಆಗಲಿ. ಒಂದಂದ್ರ ಒಂದ. ಹಿತ್ತಾಳಿ ಅರ್ಧ.”

ಶಿವಲಿಂಗಪ್ಪ ಶಿಕ್ಕಾದ ಶಾಯಿಯನ್ನು ಬಟ್ಟೆಯಿಂದ ಒರೆಸಿದ. ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒರೆಸಿದ. ಆಮೇಲೆ ಇನ್ನೊಂದು ಶಿಕ್ಕಾ ಎತ್ತಿ, ಅದನ್ನು ಮಗಳ ಕೈಗೆ ಕೊಟ್ಟ. “ನೀನ ಒತ್ತು. ನನ್ನ ಕೈ ಇವತ್ತ ಸ್ವಲ್ಪ ಹಿಗ್ಗೈತಿ.”

ಪ್ರಾಜಕ್ತಾ ಒತ್ತಿದಳು. ಅಭಿಜಿತ ಒಂದು ಕ್ಷಣ ಲೆಕ್ಕ ಹಾಕಿದ: ಹಿತ್ತಾಳೆ ಅರ್ಧ, ಹೊಸದು ಪೂರ್ತಿ. ಅವನ ಮುಖ ಅರಳಿತು. “ಅಂದ್ರ ದುಪ್ಪಟ್ಟು ಅಂತ ಹೇಳಬಹುದಲ್ಲ?”

“ಹೇಳಬಹುದು,” ಎಂದರು ಅಪ್ಪ ಮಗಳು ಒಟ್ಟಿಗೆ, “ಖರೇನ ಐತಿ.”

ಡಬ್ಬಿಗಳು ಛಾಟಣಿಗೆ ಮೊದಲೇ ಅಂಗಡಿ ಮುಟ್ಟಿದವು. ಮೊದಲ ಡಬ್ಬಿ ಒಯ್ದವನು ರಾವಸಾಬ. ಮಹಾಪೂರ ಬರಲು ಶುರುವಾದರೆ ಹಿಗ್ಗದೆ ಬದಲಿಸಬೇಕೆಂದು ಶಿವಲಿಂಗಪ್ಪ ಅವನಿಗೆ ಮೂರು ಸಲ ಹೇಳಿ ಕಳಿಸಿದ. ಕುಪವಾಡದ ಆ ಖೋಲಿಯಲ್ಲಿ ಈಗ ಪ್ರತಿ ಹೊಸ ಮಾಲಿಗೂ ಮಣ್ಣು, ಸುಣ್ಣ, ಮತ್ತು ಸುನಂದಾಬಾಯಿ, ಹೀಗೆ ಮೂರು ಪರೀಕ್ಷೆ. ಅವಳು ವಾರಕ್ಕೆರಡು ದಿನ ಬರುತ್ತಾಳೆ, ಪಗಾರದ ಮಾತನ್ನು ಅಭಿಜಿತ ನಡೆಸಿಕೊಟ್ಟಿದ್ದಾನೆ.

ಅವಳಿಗಿದ್ದದ್ದು ಒಂದೇ ತಕರಾರು. ದಸರೆಯ ಸಂಜೆ ಬನ್ನಿ ಹಂಚಿ ಮನೆಗೆ ಬಂದು ಕುಳಿತಾಗ ಅದನ್ನು ಹೊರಗೆ ಹಾಕಿದಳು: “ಅಲ್ರಿ, ಎಲ್ಲಾರ ಕೈ ಬಿಟ್ಟು ನನ್ನ ಕೈಯಿಂದ ಮಗಳ ನಾಝಲ್ಲಿನ ಆಯುಷ್ಯ ಅರ್ಧಾ ಆತಲ್ರಿ. ನಾಲ್ಕು ಮಂದಿ ಏನಂದಾರು?”

ಶಿವಲಿಂಗಪ್ಪ ಬನ್ನಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಏನೂ ಅನ್ನೂದಿಲ್ಲ. ನಿನ್ನ ಕೈಗೆ ತಡದದ್ದು ಎಲ್ಲಿಟ್ಟರೂ ತಡೀತೈತಿ ಅಂತಾರ,” ಎಂದ. “ನನ್ನ ನೋಡು, ಇಷ್ಟು ವರ್ಷ ತಡದೇನಲ್ಲ.”

ಪ್ರಾಜಕ್ತಾ ನಗುತ್ತ ಒಳಗೆ ಓಡಿದಳು. ಸುನಂದಾಬಾಯಿ ಕೈಗೆ ಸಿಕ್ಕ ತಂಬಿಗೆ ಎತ್ತಿದವಳು, ಅದನ್ನು ಕೆಳಗಿಟ್ಟು, ಕೊಲ್ಹಾಪುರದ ತೂಗುಮಂಚದ ವಿಷಯವನ್ನು ಮೊದಲಿನಿಂದ ಶುರು ಮಾಡಿದಳು.